ಕೈಗವಸು ಕಳಚುವ ಹೊತ್ತು

ಶವಪೆಟ್ಟಿಗೆ ಹೊರುವವರಿಗೆಂದು ಕೊಟ್ಟ ಬಿಳಿ ಕೈಗವಸುಗಳನ್ನು ಒರೆಸ್ತ್ ಮೇಜಿನ ಮೇಲೆ ಎಸೆದ. ಅದರಲ್ಲೊಂದು ಜಾರಿ ಜೇನು ಬೆರೆಸಿದ ಗೋಧಿಯ ಬಟ್ಟಲಿಗೆ ಬಿತ್ತು.

"ಆ ಮನುಷ್ಯನ ಪಕ್ಕ ನಾನು ನಿಲ್ಲಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋ, ಲೇಸ್ಯಾ."

ಲೇಸ್ಯಾ ಕೈಗವಸನ್ನು ಎತ್ತಿ, ಜೇನು ಒರೆಸಿ, ಮತ್ತೆ ಅವನ ಮುಂದಿಟ್ಟಳು. ಅಮ್ಮನನ್ನು ಕಳಕೊಂಡು ಅಳಲಿಕ್ಕೂ ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಈ ಸೋದರಮಾವನನ್ನು ಸಂಭಾಳಿಸುವುದೇ ದೊಡ್ಡ ಕೆಲಸವಾಗಿತ್ತು.

"ಮಾವ, ಅಮ್ಮ ಬಾಯಿಬಿಟ್ಟು ಹೇಳಿ ಹೋಗಿದ್ದಾಳೆ. ಪೆಟ್ಟಿಗೆಯ ಮುಂದಿನ ಹಿಡಿಕೆ ಎಡಗಡೆ ನನ್ನ ತಮ್ಮ ಹಿಡೀಲಿ, ಬಲಗಡೆ ಯಾರ್ಮೊ ಹಿಡೀಲಿ ಅಂತ. ಅವಳು ಕೇಳಿದ್ದು ಅದೊಂದೇ. ಹೂವು ಕೂಡ ಬೇಡ ಅಂದ್ಲು."

"ಸಾಯೋವಾಗ್ಲೂ ಕೀಟಲೆ ಬಿಡ್ಲಿಲ್ಲ ನೋಡು ಅವ್ಳು!"

"ಬಿಟ್ಟಿದ್ರೆ ನಿನ್ನ ಅಕ್ಕ ಹೇಗಾಗ್ತಿದ್ಲು?"

ಒರೆಸ್ತ್‌ನ ಕಷ್ಟ ಎಲ್ಲರಿಗೂ ಗೊತ್ತಿತ್ತು. ಚರ್ಚಿನ ಇದೇ ನೆಲಮಾಳಿಗೆಯಲ್ಲಿ, ಈಸ್ಟರ್ ಊಟದ ಮಧ್ಯೆ ಎದ್ದುನಿಂತು, ನಮ್ಮೆಲ್ಲರ ಎದುರಿಗೆ ಅವನು ಆಣೆ ಮಾಡಿದ್ದ: ನಮ್ಮನ್ನು ಬಿಟ್ಟುಹೋದ ಆ ತಂಡದ ಯಾವನ ಕೈಯನ್ನೂ ಬದುಕಿರುವವರೆಗೆ ಮುಟ್ಟುವುದಿಲ್ಲ. ಆ ಮಾತಿಗೆ ಇಪ್ಪತ್ತೈದು ವರ್ಷವಾಗಿತ್ತು. ಅಕ್ಕನ ಜೊತೆ ಅವನು ಊಟ ಮಾಡುತ್ತಿದ್ದ, ಇಸ್ಪೀಟು ಆಡುತ್ತಿದ್ದ, ಜಗಳವಾಡುತ್ತಿದ್ದ. ಅವಳು ಟಿವಿಯಲ್ಲಿ ಆ ತಂಡದ ಆಟ ಹಾಕಿದಳೆಂದರೆ ಮಾತ್ರ ಕೋಟು ಹಾಕಿಕೊಂಡು ಹೊರಟುಬಿಡುತ್ತಿದ್ದ.

ನಮ್ಮ ನದಿಯ ದೊಡ್ಡ ಮೀನಿನ ಹೆಸರಿಟ್ಟುಕೊಂಡ ಐಸ್ ಹಾಕಿ ತಂಡ ಅದು, ಸ್ಟರ್ಜನ್ಸ್. ಮಾಲೀಕನ ಕಣ್ಣಿಗೆ ನಮ್ಮ ಊರು ಸಣ್ಣದಾಯಿತು, ಕ್ರೀಡಾಂಗಣ ಹಳೆಯದಾಯಿತು. ಆಟಗಾರರನ್ನೂ ಹೆಸರನ್ನೂ ಗಂಟುಕಟ್ಟಿಕೊಂಡು ದಕ್ಷಿಣದ ಮರುಭೂಮಿಯ ಊರಿಗೆ ಹೋದ. ಅಲ್ಲಿಯವರಿಗೆ ಮಂಜುಗಡ್ಡೆ ಅಂದರೆ ಶರಬತ್ತಿಗೆ ಹಾಕುವ ವಸ್ತು. ನೀಲಿ ಅಂಗಿ ಕಿತ್ತಳೆಯಾಯಿತು, ಎದೆಯ ಮೇಲಿನ ಮೀನು ಹಾಗೇ ಉಳಿಯಿತು.

"ಮರಳಲ್ಲಿ ಮೀನು!" ಎಂದು ಒರೆಸ್ತ್ ವರ್ಷಗಟ್ಟಲೆ ಆಡಿಕೊಂಡ. ಆಡಿಕೊಳ್ಳುವಾಗ ಅವನ ಮುಖದಲ್ಲಿ ಮಾತ್ರ ನಗು ಇರುತ್ತಿರಲಿಲ್ಲ.

*

ತಂಡ ಊರಲ್ಲಿದ್ದಾಗ ಲೇಸ್ಯಾಳ ಅಮ್ಮ ಸ್ಟೆಫ್ಕಾ ಅದರ ಅಂಗಿಗಳನ್ನು ಒಗೆದು, ಹರಿದದ್ದನ್ನು ಹೊಲಿದು ಕೊಡುವವಳು. ಹೊಸ ಆಟಗಾರರಿಗೆ ಊರಿನ ಮನೆಗಳಲ್ಲಿ ಇರಲು ಜಾಗ ಕೊಡುವುದು ವಾಡಿಕೆ. ಹಾಗೆ ಫಿನ್‌ಲ್ಯಾಂಡಿನ ಯಾರ್ಮೊ ಅವಳ ಮಾಳಿಗೆಯ ಕೋಣೆಗೆ ಬಂದ. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಎರಡು ಚಳಿಗಾಲ ಅಲ್ಲೇ ಇದ್ದ.

ಒರೆಸ್ತ್ ಊರಿನ ಬಸ್ ಓಡಿಸುತ್ತಿದ್ದ. ಬೆಳಗಿನ ಮೊದಲ ಬಸ್ಸಿನಲ್ಲಿ ಹುಡುಗನನ್ನು ಅಭ್ಯಾಸಕ್ಕೆ ಕರೆದೊಯ್ಯುವುದು ಅವನ ಪಾಲಿಗೆ ಬಂತು. ಹುಡುಗ ಡ್ರೈವರ್ ಸೀಟಿನ ಪಕ್ಕದ ಕಂಬ ಹಿಡಿದು ತುಟಿ ಎರಡು ಮಾಡದೆ ನಿಲ್ಲುತ್ತಿದ್ದ.

"ಇವನು ಮಾತಾಡ್ತಾನಾ, ಇಲ್ಲ ಅದಕ್ಕೂ ಕೋಚ್ ಅಪ್ಪಣೆ ಬೇಕಾ?" ಎಂದು ಒರೆಸ್ತ್ ಅಕ್ಕನನ್ನು ಕೇಳಿದ.

"ನೀನು ಬಾಯಿ ಮುಚ್ಚಿದ್ರೆ ತಾನೇ ಅವನು ತೆಗೆಯೋದು?"

ಒರೆಸ್ತ್‌ಗೆ ಮಕ್ಕಳಿರಲಿಲ್ಲ. ಒಂದು ಭಾನುವಾರ ಡಿಪೋದಲ್ಲಿ ಹುಡುಗನಿಗೆ ಬಸ್ ಓಡಿಸಲು ಕಲಿಸಿದ. ಹುಡುಗ ಅದನ್ನು ಸೀದಾ ಹಿಮದ ರಾಶಿಗೆ ನುಗ್ಗಿಸಿದ. ಇಬ್ಬರೂ ಸಲಿಕೆ ಹಿಡಿದು ಬಿಡಿಸುವಷ್ಟರಲ್ಲಿ ಸುಸ್ತಾಗಿ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು.

ಊರು ಬಿಡುವ ಮುಂಚಿನ ಕೊನೆಯ ಆಟದ ದಿನ ಸ್ಟರ್ಜನ್ಸ್ ಸೋತರು. ಜನ ಎದ್ದು ಹೋಗಲಿಲ್ಲ. ಆಟಗಾರರು ಮಂಜುಗಡ್ಡೆಯ ಮೇಲೆ ಸ್ಟಿಕ್ಕುಗಳನ್ನು ಟಕ್ ಟಕ್ ಎಂದು ಕುಟ್ಟಿ ಜನಕ್ಕೆ ವಂದಿಸಿದರು. ಆಮೇಲೆ ಎರಡೂ ತಂಡದವರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಕೈ ಕುಲುಕಿದರು.

"ನೋಡೋ ಒರೆಸ್ತ್," ಸ್ಟೆಫ್ಕಾ ಮೂಗು ಒರೆಸಿಕೊಳ್ಳುತ್ತ ಅಂದಳು. "ಈಗ ತಾನೇ ಒಬ್ರ ಹಲ್ಲು ಒಬ್ರು ಉದುರಿಸಿದ್ರು. ಈಗ ಗ್ಲೌಸ್ ತೆಗೆದು ಬರೀ ಕೈ ಕೊಡ್ತಿದ್ದಾರೆ. ಗ್ಲೌಸ್ ಹಾಕ್ಕೊಂಡು ಕೈ ಕೊಡೋನನ್ನ ನಾನಂತೂ ಕಂಡಿಲ್ಲ."

*

ಯಾರ್ಮೊ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ. ತಲೆ ಬೋಳಾಗಿತ್ತು, ಮೊಣಕಾಲು ಸ್ವಲ್ಪ ಎಳೆಯುತ್ತಿತ್ತು. ಅಡುಗೆಯ ಉಸ್ತುವಾರಿಯ ಪರಸ್ಕಾ ಅಜ್ಜಿ ಸೌಟು ಹಿಡಿದೇ ಎದುರಿಗೆ ಹೋದಳು.

"ಏನೋ, ಒಣಗಿ ಕಡ್ಡಿಯಾಗಿದ್ದೀಯ! ಆ ಬಿಸಿಲೂರಲ್ಲಿ ಊಟ ಹಾಕಲ್ವಾ?"

"ಸ್ಟೆಫ್ಕಾನೂ ಅದನ್ನೇ ಕೇಳ್ತಿದ್ರು," ಯಾರ್ಮೊ ಅಂದ. ಅವಳು ಕಲಿಸಿದ ನಮ್ಮ ಉಕ್ರೇನಿಯನ್ ಮಾತು ಅವನ ಬಾಯಲ್ಲಿ ಅವಳ ರಾಗದಲ್ಲೇ ಉಳಿದಿತ್ತು. "ಪ್ರತಿ ಆಟ ಮುಗಿದ ಮೇಲೆ ಫೋನು. ಗೋಲು ಹೊಡೆದ್ಯಾ ಅಂತ ಒಂದಿನಾನೂ ಕೇಳ್ಲಿಲ್ಲ. ಏನು ತಿಂದೆ ಅಂತ."

ಜನ ಮೆಲ್ಲಗೆ ಹತ್ತಿರ ಸರಿದರು.

"ಕಿತ್ತಳೆ ಅಂಗಿ ಹಾಕ್ಕೊಂಡು ನಾವು ಮೊದಲ ಸಲ ಇಲ್ಲಿಗೆ ಆಡೋಕೆ ಬಂದ್ವಲ್ಲ, ಇಡೀ ಊರೇ ಥೂ ಅಂತು. ಆ ಗಲಾಟೆಯಲ್ಲೂ ಒಂದು ಗಂಟಲು ಕೇಳಿಸ್ತು. 'ಯಾರ್ಮೋ! ಹೊರಗೆ ಹೋಗೋವಾಗ ಟೋಪಿ ಹಾಕ್ಕೊಳ್ಳೋ!' ಅಂತ. ನಾನು ಬದುಕಿಕೊಂಡೆ ಕಣಜ್ಜಿ ಅವತ್ತು."

ಎಲ್ಲರೂ ನಕ್ಕರು, ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡರು. ಅವತ್ತು ಥೂ ಅಂದವರಲ್ಲಿ ನಾವೂ ಇದ್ದೆವು. ಕೋಟುಗಳ ಗೂಟದ ಹತ್ತಿರ ಬೆನ್ನು ಮಾಡಿ ನಿಂತಿದ್ದ ಒರೆಸ್ತ್ ಮಾತ್ರ ನಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಬಂದು ಮೇಜಿನ ಮೇಲಿನ ಕೈಗವಸು ಎತ್ತಿಕೊಂಡ.

"ಹೊರ್ತೀನಿ," ಅಂದ ಲೇಸ್ಯಾಳಿಗೆ. "ಅವಳಿಗೋಸ್ಕರ. ಗ್ಲೌಸ್ ಹಾಕ್ಕೊಂಡಿದ್ರೆ ಅವನ ಕೈ ತಾಗಿದ್ರೂ ಮುಟ್ಟಿದ ಹಾಗಾಗಲ್ಲ."

"ಆಗಲ್ಲ ಬಿಡು, ಮಾವ," ಲೇಸ್ಯಾ ಅಂದಳು. ಅಷ್ಟಾದರೂ ಆಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು.

*

ಸ್ಮಶಾನದಲ್ಲಿ ಉಸಿರು ಬಿಟ್ಟರೆ ರೆಪ್ಪೆಯ ಮೇಲೆ ಹೆಪ್ಪುಗಟ್ಟುವ ಚಳಿ. ಹಿಂದಿನ ದಿನ ಬೆಂಕಿ ಹಾಕಿ ನೆಲ ಕಾಯಿಸಿ ಗುಂಡಿ ತೋಡಿದ್ದರು. ಪೆಟ್ಟಿಗೆ ಇಳಿಯಿತು, ಪಾದ್ರಿಗಳು ಹಿಡಿ ಮಣ್ಣು ಹಾಕಿದರು. ಅವಳ ನೆನಪು ನಿತ್ಯವಾಗಿರಲಿ ಎಂದು ಎಲ್ಲರೂ ಮೂರು ಸಲ ಹಾಡಿದೆವು. ಊಟ ಕಾಯುತ್ತಿತ್ತು, ಜನ ಕಾರುಗಳ ಕಡೆ ಓಡಿದರು. ಗುಂಡಿಯ ಬಳಿ ಉಳಿದವರು ಒರೆಸ್ತ್, ಯಾರ್ಮೊ, ಮಾವನ ತೋಳು ಹಿಡಿದ ಲೇಸ್ಯಾ. ಆಚೆ ಗುಂಡಿ ತೋಡುವ ಇಬ್ಬರು ಸಲಿಕೆಗೆ ಒರಗಿ ನಿಂತಿದ್ದರು. ಅವರೂ ನಮ್ಮೂರಿನವರೇ.

ಒರೆಸ್ತ್ ಪೆಟ್ಟಿಗೆಯನ್ನೇ ನೋಡುತ್ತ ಮಾತು ತೆಗೆದ.

"ಕೊನೇ ಆಟ ಮುಗಿದ ಮೇಲೆ ನಾನು ಹಿಂದಿನ ಗೇಟಲ್ಲಿ ಬಸ್ ನಿಲ್ಲಿಸ್ಕೊಂಡು ಕಾದೆ. ಹತ್ತಿ ಕೂತ ಜನ ಬೈತಾನೇ ಇದ್ರು. ಕಾದೆ. ನೀನು ಬರ್ಲಿಲ್ಲ. ತಂಡ ಹಾಳಾಗಿಹೋಗ್ಲಿ. ನೀನು ಒಂದು ಮಾತು ಹೇಳಿ ಹೋಗಬಹುದಿತ್ತು."

ಲೇಸ್ಯಾ ಬೆರಗಾಗಿ ಮಾವನನ್ನು ನೋಡಿದಳು. ಆ ಈಸ್ಟರ್ ಊಟದಲ್ಲಿ ಇವನು ಬಾಯಿಬಿಡದ ಮಾತು ಇದು.

"ಬಂದಿದ್ದೆ," ಯಾರ್ಮೊ ಅಂದ. "ಬಾಗಿಲ ಸಂದಿಯಿಂದ ನಿಮ್ಮನ್ನ ನೋಡಿದೆ. ಅಳು ಬಂತು. ಬಸ್ ಹತ್ತಿದ್ರೆ ಇಳೀತಾನೇ ಇರ್ಲಿಲ್ಲ ನಾನು. ಕ್ರೀಡಾಂಗಣದ ಮುಂದಿನ ಬಾಗಿಲಿಂದ ಓಡಿಹೋದೆ."

"ಕತ್ತೆ."

"ಹೌದು."

"ಅವಳಿಗೆ ಗೊತ್ತಿತ್ತಾ?"

"ಮೊದಲನೇ ಫೋನಲ್ಲೇ ಹೇಳಿದ್ದೆ. 'ಇದನ್ನ ನಾನು ಅವನಿಗೆ ಹೇಳಲ್ಲ, ನೀನೇ ಬಂದು ಹೇಳ್ಬೇಕು' ಅಂದ್ರು. ಆಮೇಲೆ ಪ್ರತಿ ಸಲವೂ ಎರಡು ಪ್ರಶ್ನೆ. ಏನು ತಿಂದೆ? ಅವನಿಗೆ ಹೇಳಿದ್ಯಾ?"

ಒರೆಸ್ತ್‌ನ ಗಂಟಲಿಂದ ಏನೋ ಒಂದು ಸದ್ದು ಹೊರಟಿತು. ಬೈಗುಳವೋ ನಗುವೋ ಲೇಸ್ಯಾಗೆ ತಿಳಿಯಲಿಲ್ಲ. ಅವನು ಗುಂಡಿಯೊಳಗೆ ಬಗ್ಗಿ, "ಗೆದ್ದೆ ಹೋಗೇ," ಅಂದ. "ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ."

ಆಮೇಲೆ ಹಲ್ಲಿನಿಂದ ಬಲಗೈಯ ಬೆರಳ ತುದಿ ಕಚ್ಚಿ ಕೈಗವಸನ್ನು ಎಳೆದ. ಅದು ಹಿಮದ ಮೇಲೆ ಬಿತ್ತು. ಯಾರ್ಮೊನದು ಅದರ ಪಕ್ಕ ಬಿತ್ತು. ಆ ಚಳಿಯಲ್ಲಿ ಚರ್ಮ ಕೆಂಪಾಗಿ, ಆಮೇಲೆ ಬಿಳಿಚಿಕೊಂಡರೂ ಇಬ್ಬರೂ ಹಿಡಿದ ಕೈ ಬಿಡಲಿಲ್ಲ.

ಗುಂಡಿಯಾಚೆ ನಿಂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಲಿಕೆಗಳನ್ನು ಎತ್ತಿ, ಹೆಪ್ಪುಗಟ್ಟಿದ ನೆಲದ ಮೇಲೆ ಟಕ್ ಟಕ್ ಎಂದು ಕುಟ್ಟಿದರು.