ಗೋಡೆಗೆ ಮುಖ ಮಾಡಿದ ಚಾರ್ಟು

ನಾನೊಂದು ಇಂಗ್ಲಿಷ್ ವ್ಯಾಕರಣದ ಚಾರ್ಟು. ಹೆಸರು ಕೇಳಿಯೇ ಮುಖ ಸಿಂಡರಿಸಬೇಡಿ, ಪೂರ್ತಿ ಕೇಳಿ. ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಹುಟ್ಟಿದೆ. ದಪ್ಪ ಕಾಗದದ ಹಿಂದೆ ಬಟ್ಟೆ ಅಂಟಿಸಿ, ಮೇಲೊಂದು ಕೆಳಗೊಂದು ಕೋಲು ಜಡಿದು, ಮೈಗೆಲ್ಲ ವಾರ್ನಿಷ್ ಬಳಿದು ಒಣಹಾಕಿದರು. ನನ್ನ ಮೈಮೇಲೆ ಮೂರು ಕಾಲಂ. ಎಡಕ್ಕೆ ಮಿ, ಹಿಮ್, ದೆಮ್. ನಡುವೆ ಮೈ, ಹಿಸ್, ದೇರ್. ಬಲಕ್ಕೆ ಮೈಸೆಲ್ಫ್, ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್. ಇಷ್ಟೇ ನನ್ನ ವಿದ್ಯೆ. ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಮೊದಲು ನನ್ನನ್ನು ಕೊಂಡದ್ದು ಟೈ ಕಟ್ಟಿಕೊಂಡು ಬರುವ ಮಕ್ಕಳ ಶಾಲೆ. ಆ ಮಕ್ಕಳಿಗೆ ಇದೆಲ್ಲ ಮನೆಯಲ್ಲೇ ಬರುತ್ತಿತ್ತು, ನನ್ನ ಕಡೆ ಯಾರು ನೋಡುತ್ತಾರೆ? ಯಾರೋ ಪುಣ್ಯಾತ್ಮ 'ಹಿಮ್'ಗೆ ಮೀಸೆ ಬರೆದದ್ದೇ ಅಲ್ಲಿ ನನಗಾದ ಸನ್ಮಾನ. ಗೋಡೆಗೆ ಹೊಸ ಬಣ್ಣ ಬಳಿದಾಗ ನನ್ನನ್ನು ಬೆಟಗೇರಿಯ ಒಂದು ಸರ್ಕಾರಿ ಹೈಸ್ಕೂಲಿಗೆ ದಾನ ಕೊಟ್ಟರು. ದಾನವೆಂಥದು, ಕಸ ಸಾಗಿಸಿದರು!

ಅಲ್ಲಿ ಶಕುಂತಲಾ ಹೊಂಬಳ ಎಂಬ ಇಂಗ್ಲಿಷ್ ಟೀಚರು, ಎಲ್ಲರ ಬಾಯಲ್ಲಿ ಹೊಂಬಳ ಅಕ್ಕೋರು. ಶಾಲೆ ಬಿಟ್ಟ ಮೇಲೆ ಹತ್ತನೆಯ ತರಗತಿ ಫೇಲಾದವರನ್ನು ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳುತ್ತಿದ್ದರು. ಆ ಗುಂಪಿಗೆ ಫಕ್ಕೀರವ್ವ ಬಂದಳು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಒಂದು ದವಾಖಾನೆಯಲ್ಲಿ ಆಯಾ. ಹತ್ತನೆಯದು ಪಾಸಾದರೆ ನರ್ಸಿಂಗ್ ತರಬೇತಿಗೆ ಸೇರಿಸುತ್ತೇನೆಂದು ಅಲ್ಲಿಯ ಡಾಕ್ಟರು ಮಾತು ಕೊಟ್ಟಿದ್ದರು. ಉಳಿದದ್ದು ಇಂಗ್ಲಿಷ್ ಒಂದೇ. ಈ ವರ್ಷ ಆಗದಿದ್ದರೆ ವಯಸ್ಸು ಮೀರುತ್ತದೆ, ಜೀವನವಿಡೀ ಬೆಡ್‌ಪ್ಯಾನ್ ತೊಳೆಯುವುದೇ ಗತಿ.

"ಅಕ್ಕೋರ, ನನ್ನ ಸೀರಿ ಅಂತೀವಿ, ಅವ್ವ ನನ್ನ ಕರದ್ಳು ಅಂತೀವಿ. ನಮಗ ಒಂದಽ 'ನನ್ನ' ಸಾಕಾಗತೈತಿ. ಇಂಗ್ಲಿಷಿನವ್ರಿಗೆ ಯಾಕ ಸಾಲಂಗಿಲ್ರಿ?" ಎಂದು ಫಕ್ಕೀರವ್ವ ಕೇಳಿದಳು.

ಅಕ್ಕೋರು ನಕ್ಕುಬಿಟ್ಟರು. "ಅವ್ರನ್ನಽ ಕೇಳಬೇಕವಾ. ನೋಡು, ಸೀರಿ ನಂದು, ಅದಕ್ಕ ಮೈ. ಅವ್ವ ಕರದದ್ದು ನನ್ನನ್ನ, ಅದಕ್ಕ ಮಿ. ನನ್ನನ್ನ ನಾನಽ ಕನ್ನಡ್ಯಾಗ ನೋಡ್ಕೊಂಡ್ರ ಮೈಸೆಲ್ಫ್. ತಿಳೀತಿಲ್ಲೋ?"

"ತಿಳೀತ್ರಿ," ಎನ್ನುವಳು. ಬರೆಯಲು ಕೂತರೆ ಮತ್ತೆ ತಲೆ ಎತ್ತಿ ನನ್ನನ್ನೇ ನೋಡುವಳು. ನೋಡಿದರೆ ಸರಿ ಬರೆಯುವಳು. ಅಯ್ಯೋ, ನನಗೆ ಎಂಥ ಖುಷಿ! ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬರಿಗೆ ಬೇಕಾಗಿದ್ದೆ. ನೋಡು ತಾಯಿ, ಎಷ್ಟು ಬೇಕಾದರೂ ನೋಡು ಎಂದು ಹಿಗ್ಗುತ್ತಿದ್ದೆ.

ಪರೀಕ್ಷೆಗೆ ನಮ್ಮ ಶಾಲೆಯೇ ಕೇಂದ್ರವಾಯಿತು. ಫಕ್ಕೀರವ್ವನ ನಂಬರು ನನ್ನ ಕೋಣೆಯಲ್ಲೇ, ನನ್ನೆದುರಿನ ಬೆಂಚಿಗೇ ಬಿತ್ತು. ಒಳಗೆ ಬಂದವಳು ನನ್ನನ್ನು ಕಂಡು ಕಣ್ಣರಳಿಸಿದಳು. ಅಷ್ಟರಲ್ಲಿ ಪರವೂರಿನಿಂದ ಬಂದ ಮೇಲ್ವಿಚಾರಕರ ಕಣ್ಣೂ ನನ್ನ ಮೇಲೆ ಬಿತ್ತು.

"ಇದನ್ನ ಹಂಗಽ ಬಿಟ್ಟೀರಲ್ರೀ! ತಿರುವಿ ಹಾಕ್ರಿ ಮೊದ್ಲ!" ಎಂದು ಜವಾನನಿಗೆ ಗದರಿದರು.

ಪರೀಕ್ಷೆ ಬಂತೆಂದರೆ ಗೋಡೆಯ ಚಾರ್ಟುಗಳಿಗೆಲ್ಲ ಇದೇ ಶಿಕ್ಷೆ. ಮರುಕ್ಷಣ ನನ್ನ ಮುಖ ಸುಣ್ಣಕ್ಕೆ ಉಜ್ಜಿತು. ಅವಳಿಗೆ ಕಾಣಲು ಉಳಿದದ್ದು ನನ್ನ ಬೆನ್ನಿನ ಮಾಸಲು ಬಟ್ಟೆ ಮಾತ್ರ.

ಬೆನ್ನ ಹಿಂದೆ ಅವಳ ಪಿಸುದನಿ ಕೇಳುತ್ತಿತ್ತು. "ಮಿ... ಅಲ್ಲ, ಮೈ... ಮೈಸೆಲ್ಫ್ ಏನೋ..."

"ಏ ಯವ್ವಾ, ಬಾಯಿ ಮುಚ್ಕೊಂಡು ಬರಿ!" ಎಂದರು ಮೇಲ್ವಿಚಾರಕರು. ದನಿ ನಿಂತಿತು. ಉತ್ತರವೆಲ್ಲ ನನ್ನ ಮೈಮೇಲೇ ಇತ್ತು. ಕಿತ್ತುಕೊಂಡು ಬಿದ್ದಾದರೂ ಬೀಳೋಣವೆಂದರೆ ನನಗೆಲ್ಲಿಯ ಕೈಕಾಲು? ಗೋಡೆ ನೋಡುತ್ತ ಒಳಗೊಳಗೇ ಅತ್ತೆ, ಅಷ್ಟೇ.

ಫಲಿತಾಂಶ ಬಂದ ದಿನ ಅವಳು ಅದೇ ಕೋಣೆಯಲ್ಲಿ ಅಕ್ಕೋರ ಮುಂದೆ ಕುಸಿದು ಕೂತದ್ದು ಕೇಳಿಸಿತು. ಫೇಲು. ನನ್ನನ್ನು ಇನ್ನೂ ಯಾರೂ ತಿರುಗಿಸಿರಲಿಲ್ಲ.

"ದಿನಾ ಬರೋಬ್ಬರಿ ಬರೀತಿದ್ದಿಯಲ್ಲವಾ?" ಎಂದರು ಅಕ್ಕೋರು.

"ನನಗೆಲ್ಲಿ ಬರ್ತಿತ್ರಿ ಅಕ್ಕೋರ? ಬರ್ತಿದ್ದದ್ದು ಆ ಚಾರ್ಟಿಗೆ," ಎಂದು ಬಿಕ್ಕಿದಳು.

ಆ ಮಾತು ನನ್ನ ಎದೆಗೆ ನಾಟಿತು. ಅವಳು ನೋಡಿದಾಗಲೆಲ್ಲ ನಾನು ಹಿಗ್ಗಿದ್ದೆನಲ್ಲ, ಆ ಒಂದೊಂದು ನೋಟದಲ್ಲೂ ಅವಳು ಕಲಿಯುವುದು ತಪ್ಪಿ ಹೋಗಿತ್ತು.

"ಅಳಬ್ಯಾಡ. ಪೂರಕ ಪರೀಕ್ಷಾ ಐತಿ, ಅದೂ ಈ ವರ್ಷದ ಲೆಕ್ಕಕ್ಕಽ ಬರತೈತಿ," ಎನ್ನುತ್ತ ಅಕ್ಕೋರು ನನ್ನನ್ನು ತಿರುಗಿಸಲು ಕೋಲಿಗೆ ಕೈ ಹಾಕಿದರು.

"ಬ್ಯಾಡ್ರಿ. ಹಂಗಽ ಇರ್ಲಿ," ಎಂದಳು ಫಕ್ಕೀರವ್ವ.

ಹಾಗೇ ಇದ್ದೇನೆ. ವಾರ್ನಿಷ್ ಬಿರಿದಿದೆ, ಗೋಡೆಯ ತೇವಕ್ಕೆ ಅಕ್ಷರಗಳು ಮಸುಕಾಗುತ್ತಿವೆ. ಸಂಜೆಯಾದರೆ ಅಕ್ಕೋರು ಪ್ರಶ್ನೆ ಕೇಳುವುದು, ಅವಳು ತಡವರಿಸುವುದು, ತಪ್ಪುವುದು, ಮತ್ತೆ ಮೊದಲಿನಿಂದ ಶುರುಮಾಡುವುದು ಎಲ್ಲ ಕೇಳುತ್ತದೆ. ನಿನ್ನೆ ಒಂದೂ ತಪ್ಪದೆ ಹೇಳಿದಳು. ನಾಳೆ ಪರೀಕ್ಷೆ. ಅಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ಅವಳಿಗೆ ನಾನು ಮಾಡಬಹುದಾದ ಸಹಾಯ ಈಗ ಒಂದೇ: ಹೀಗೇ ಗೋಡೆ ನೋಡುತ್ತ ಇದ್ದುಬಿಡುವುದು.