ಸಂತೆಗೆ ಕಲಿಸಿದ ಕೊನೆಯ ಸಾಲು

ಅತ್ತಿಗುಪ್ಪೆಯ ಬೇಕರಿ ಮೇಲಿನ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಜೀವನ್ ಬರೆದ ‘ಸಂತೆ’ ಎಂಬ ಕಮಾಂಡಿಗೆ ಬಾರದ ಕೆಲಸವಿರಲಿಲ್ಲ. ಕಪ್ಪು ಪರದೆಯಲ್ಲಿ ‘ಸಂತೆ’ ಎಂದು ಟೈಪಿಸಿ ಬೇಕಾದ್ದು ಕೇಳಿದರೆ ಸಾಕು, ಹಳೇ ಫೈಲು ಗುಡಿಸುತ್ತಿತ್ತು, ಪಾಸ್‌ವರ್ಡ್ ಹೆಣೆಯುತ್ತಿತ್ತು, ಹೊಸ ಕೋಡನ್ನು ಸರ್ವರಿಗೆ ಏರಿಸುತ್ತಿತ್ತು. ಈ ವಿದ್ಯೆಯೆಲ್ಲ ಪಕ್ಕದ ಕುರ್ಚಿಯ ನಾಗೇಂದ್ರ ಅವರದು. ಅವರು ವರ್ಷಗಟ್ಟಲೆ ಕೈಯಲ್ಲೇ ಮಾಡುತ್ತಿದ್ದುದನ್ನು ಜೀವನ್ ನೋಡಿ ನೋಡಿ ಕಲಿತು, ಸಂತೆಗೂ ಕಲಿಸಿದ್ದ. ಅಣಕವಾಡುವುದು ಅವನ ಹುಟ್ಟುಗುಣ. ಸಂತೆಯನ್ನೂ ನಾಗೇಂದ್ರರ ಧಾಟಿಯಲ್ಲೇ ಮಾತಾಡಿಸಿದ. ಕೆಲಸ ಮುಗಿದರೆ ಪರದೆ ಮೇಲೆ ‘ಆಯ್ತು ಕಣಯ್ಯಾ, ಕಾಫಿ ಕೊಡ್ಸು’ ಎಂದು ಬರುತ್ತಿತ್ತು. ಅದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವರು ನಾಗೇಂದ್ರ ಅವರೇ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ‘ಎಲ್ಲಾ ಸಂತೆನೇ ಮಾಡತ್ತೆ ಅಂದ್ರೆ ನಾಗೇಂದ್ರ ಯಾಕೆ?’ ಎಂದು ಮಾಲೀಕರು ಕೇಳಿದ್ದರಂತೆ. ಸೋಮವಾರ ಮ್ಯಾನೇಜರ್ ಚೇತನಾ ಎದುರು ಸಂತೆಗೆ ಪರೀಕ್ಷೆ; ಅದು ಪಾಸಾದರೆ ನಾಗೇಂದ್ರರ ಕೆಲಸ ಹೋದಂತೆಯೇ.

ಜೀವನ್ ಬೇಕೆಂದೇ ಅದರ ಒಂದು ಸಾಲು ಕೆಡಿಸಿದ. ಬೇಕರಿ ಮುಂದೆ ಟೀ ಹಿಡಿದು ನಾಗೇಂದ್ರರ ಕಿವಿಯಲ್ಲಿ ಪಿಸುಗುಟ್ಟಿದ: “ಅಣ್ಣ, ಸರ್ವರಿಗೆ ಏರ್ಸೋವಾಗ ತಪ್ಪಾಯ್ತು ಅಂತ ಕೆಂಪಕ್ಷರ ಬರತ್ತೆ. ನೀವು ಸುಮ್ನೆ ಕೂತಿರಿ. ‘ಇದು ಯಂತ್ರದ ಕೈಲಾಗಲ್ಲ ಮೇಡಂ, ನಾಗೇಂದ್ರಣ್ಣನೇ ಬೇಕು’ ಅಂತ ನಾನಂತೀನಿ.”

“ನನ್ನ ಹೊಟ್ಟೆಪಾಡಿಗೆ ನೀನು ನಾಟ್ಕ ಆಡೋ ಹಂಗಾಯ್ತಲ್ಲೋ. ಆಗ್ಲಿ, ಕೈ ಕಟ್ಕೊಂಡು ಕೂತಿರ್ತೀನಿ.”

ಸೋಮವಾರ ಸಂತೆ ಗುಡಿಸಿತು, ಹೆಣೆಯಿತು, ಏರಿಸಲು ಹೋಗಿ ಮುಗ್ಗರಿಸಿತು. ಪರದೆ ತುಂಬ ಕೆಂಪು.

“ಏನ್ ಜೀವನ್ ಇದು?” ಎಂದರು ಚೇತನಾ.

“ಅದೇ ಮೇಡಂ, ಇಲ್ಲಿ...” ಎಂದು ಜೀವನ್ ರಾಗ ಎಳೆಯುವಷ್ಟರಲ್ಲಿ ಪಕ್ಕದ ಕುರ್ಚಿ ಕಿರುಗುಟ್ಟಿತು. ನಾಗೇಂದ್ರ ಪರದೆಯತ್ತ ಬಾಗಿದ್ದರು. ಕಟ್ಟಿದ್ದ ಕೈ ಬಿಚ್ಚಿಕೊಂಡಿತ್ತು. ಜೀವನ್ ಮೇಜಿನಡಿ ಅವರ ಕಾಲು ತುಳಿದ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು, ಕೀಬೋರ್ಡನ್ನು ತಮ್ಮ ಮುಂದಕ್ಕೆ.

“ಫೋಲ್ಡರಿನ ದಾರಿ ತಪ್ಪಿದೆ ಮೇಡಂ, ಅಷ್ಟೇ.” ತಿದ್ದಿದರು, ಕೆಳಗೆ ಇನ್ನೊಂದು ಸಾಲು ಸೇರಿಸಿದರು, ಮತ್ತೆ ಓಡಿಸಿದರು. ಎಲ್ಲ ಹಸಿರು.

“ಇನ್ಮೇಲೆ ಹೀಗಾಗಲ್ವಾ?”

“ದಾರಿ ತಪ್ಪಿದ್ರೂ ಅದೇ ಹುಡುಕ್ಕೊಳ್ಳತ್ತೆ ಮೇಡಂ. ಅದನ್ನೂ ಬರ್ದಿದೀನಿ.” ದನಿಯಲ್ಲಿ ಹೆಮ್ಮೆಯಿತ್ತು.

ಚೇತನಾ ನಾಗೇಂದ್ರರ ಮುಖ ನೋಡಲಿಲ್ಲ. “ಥ್ಯಾಂಕ್ಸ್ ನಾಗೇಂದ್ರ ಅವರೇ. ಊಟ ಆದ್ಮೇಲೆ ನನ್ ರೂಮಿಗೆ ಬನ್ನಿ,” ಎಂದು ಎದ್ದುಹೋದರು.

“ಯಾಕಣ್ಣ ತಿದ್ದಿದ್ರಿ?” ಎಂದ ಜೀವನ್.

“ಕೆಂಪು ಬಿಟ್ಟು ಎದ್ದೋಗಿ ಅಭ್ಯಾಸ ಇಲ್ಲ ಕಣೋ.” ನಾಗೇಂದ್ರ ಕನ್ನಡಕ ತೆಗೆದು ಒರೆಸಿಕೊಂಡರು. “ಅವಸರದಲ್ಲಿ ಬರ್ದೆ. ಸರಿಯಿದ್ಯಾ ನೋಡು.”

ಜೀವನ್ ನೋಡಿದ. ಒಂದು ತಪ್ಪೂ ಇರಲಿಲ್ಲ.