ತೆಗೆದುಹಾಕಿದ ಚುಕ್ಕೆ

ಅಕ್ಕನ ಬಲಗೈ ಮುರಿದದ್ದು ಒದ್ದೆ ಬಟ್ಟೆಯ ಬಕೆಟ್ ಎತ್ತುವಾಗ. ಬಿದ್ದಿರಲಿಲ್ಲ, ಜಾರಿರಲಿಲ್ಲ. ನಲವತ್ತು ದಾಟಿದ ಹೆಂಗಸಿನ ಮಣಿಕಟ್ಟು ಬಕೆಟ್ಟಿನ ಭಾರಕ್ಕೇ ಮುರಿದಿತ್ತು. ಮದುವೆಗೂ ಮೊದಲಿನಿಂದ ಅವಳು ಕೂಲ್‌ಡ್ರಿಂಕ್ಸ್ ಕಾರ್ಖಾನೆಯಲ್ಲಿ ಬಾಟಲಿ ತುಂಬುವವಳು. ಅಲ್ಲಿ ಕೆಲಸದವರಿಗೆ ಕುಡಿದಷ್ಟೂ ಬಿಟ್ಟಿ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಲೋಕದಲ್ಲಿ ಅವಳೊಬ್ಬಳೇಕೆ ನೀರು ಕುಡಿದಾಳು?

ಅದೇ ಕಾರ್ಖಾನೆಯ ಆಫೀಸಿನಲ್ಲಿ ಅಂಕಿಅಂಶ ನೋಡುವವನು ಅವಳ ತಮ್ಮ. ಅವನನ್ನು ಓದಿಸಿದವಳೂ ಅವಳೇ. ಮೂಳೆನೋವಿನ ದೂರು ಹೆಚ್ಚಾದಾಗ ಕೆಲಸದವರೆಲ್ಲರ ಮೂಳೆಯ ಸಾಂದ್ರತೆ ಅಳೆಸಿ, ಕುಡಿದದ್ದಕ್ಕೂ ಮೂಳೆಗೂ ನಂಟಿದೆಯೇ ಎಂದು ಗೆರೆ ಎಳೆದು ನೋಡುವ ಲೀನಿಯರ್ ರಿಗ್ರೆಶನ್ ಮಾಡಲು ಅವನ ಕೈಗೆ ಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ. ಹೆಚ್ಚು ಕುಡಿದಷ್ಟೂ ಚುಕ್ಕೆ ಬಲಕ್ಕೆ, ಮೂಳೆ ಸವೆದಷ್ಟೂ ಕೆಳಕ್ಕೆ. ಚುಕ್ಕೆಗಳ ನಡುವೆ ಹಾದ ಗೆರೆ ಬಲಕ್ಕೆ ಹೋದಂತೆ ಇಳಿಯುತ್ತಿತ್ತು.

ಮ್ಯಾನೇಜರ್ ಬಲತುದಿಯ ಮೂರು ಚುಕ್ಕೆಗಳ ಮೇಲೆ ಬೆರಳಿಟ್ಟ. "ಇವರ ಮೂಳೆ ಮೊದಲೇ ಹಾಳಾಗಿತ್ತೋ ಏನೋ. ಮೂರು ಜನಕ್ಕೋಸ್ಕರ ಎಲ್ಲರನ್ನೂ ಹೆದರಿಸ್ತೀರಾ? ತೆಗೆದುಹಾಕಿ."

ತಮ್ಮ ತೆಗೆದ. ಗೆರೆ ಮಂಚದ ಹಾಗೆ ಸಮನಾಯಿತು. ಮೂರರಲ್ಲಿ ಒಂದು ಅಕ್ಕನದು. ಗೊತ್ತಿದ್ದೂ ತೆಗೆದ, ಹೇಡಿ.

ಸಂಜೆ ಮನೆಯಲ್ಲಿ ವರದಿ ಮುಗಿಸುತ್ತಿದ್ದಾಗ ಅಕ್ಕ ಪ್ಲಾಸ್ಟರ್ ಹಾಕಿದ ಕೈ ಹೊತ್ತು ಬಂದು ಪಕ್ಕದಲ್ಲಿ ಕೂತಳು.

"ಇದ್ರಲ್ಲಿ ನಾನೆಲ್ಲಿದ್ದೀನೋ?"

ಅವನು ಗೆರೆಯ ಮೇಲಿದ್ದ ಯಾರದೋ ಚುಕ್ಕೆ ತೋರಿಸಿದ.

"ಎಲ್ಲರ ಹಾಗೇ ಇದ್ದೀನಲ್ಲ. ಹಾಗಾದ್ರೆ ಕುಡಿದಿದ್ದಕ್ಕೆ ಮುರಿದಿದ್ದಲ್ಲ ಬಿಡು. ಪಾಪ, ವಾರದಿಂದ ಇವಳಿಗೂ ಕೊಡದೆ ಸತಾಯಿಸಿದೆ." ಅಕ್ಕ ನಿರಾಳವಾಗಿ ನಕ್ಕು, ಎಡಗೈಯಲ್ಲೇ ಬಾಟಲಿ ಬಗ್ಗಿಸಿ ಪುಟ್ಟ ಮಗಳಿಗೆ ಲೋಟದ ತುಂಬ ಕೊಟ್ಟಳು. "ಕುಡಿಯೇ, ಮಾಮ ಲೆಕ್ಕ ಹಾಕಿ ನೋಡಿದಾನೆ."

ಮಗು ಗಟಗಟ ಕುಡಿಯಿತು. ಅರ್ಧ ಲೋಟ ಖಾಲಿಯಾದ ಮೇಲೆ ಅವನು ಎದ್ದು ಲೋಟ ಕಸಿದುಕೊಂಡ. ಮಗು ಕಿರುಚಿ ಅತ್ತಿತು.

"ಅದು ನೀನಲ್ಲ ಅಕ್ಕ. ನಿನ್ನ ಚುಕ್ಕೆ ನಾನೇ ತೆಗೆದೆ. ನೀನಿದ್ರೆ ಗೆರೆ ಇಳಿಯುತ್ತೆ. ಹೇಳಿದ ಹಾಗೆ ಕೇಳದಿದ್ರೆ ಕೆಲಸ ಹೋಗ್ತಿತ್ತು."

ಅಕ್ಕ ಅವನ ಕೈಯಲ್ಲಿದ್ದ ಅರ್ಧ ಲೋಟವನ್ನು ನೋಡಿದಳು.

"ನನಗೆ ಸುಳ್ಳು ಹೇಳಿದ್ದು ಹಾಳಾಗ್ಲಿ," ಅಂದಳು. "ಮಗು ಕುಡಿಯೋದನ್ನ ನೋಡ್ತಾ ಕೂತಿದ್ಯಲ್ಲೋ."

ಅವನು ಮತ್ತೆ ವರದಿಯ ಮುಂದೆ ಕೂತ. ಮೂರೂ ಚುಕ್ಕೆಗಳನ್ನು ಮತ್ತೆ ಸೇರಿಸಿದ. ವರದಿಯನ್ನು ಮ್ಯಾನೇಜರಿಗೂ ಕಳಿಸಿದ, ಕೆಲಸದವರ ಸಂಘಕ್ಕೂ ಕಳಿಸಿದ. ಇನ್ನು ಕೆಲಸ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಎಲ್ಲರಿಗೂ ಕಳಿಸಿದೆ ಅಕ್ಕ."

ಅಕ್ಕ ಅಳುವ ಮಗಳನ್ನು ಒಂದೇ ಕೈಯಲ್ಲಿ ಎತ್ತಿಕೊಳ್ಳಲು ನೋಡಿದಳು, ಆಗಲಿಲ್ಲ. ಅವನು ಕೈ ಚಾಚಿದ.

"ನೀನು ಮುಟ್ಬೇಡ," ಅಂದಳು.